ಮುಟ್ಟದೆ ಅಳೆಯುವ ಬೆಳಕು

ಬಟ್ಟೆಯನ್ನು ಮೊಳದಿಂದ, ಧಾನ್ಯವನ್ನು ಸೇರಿನಿಂದ, ಹೊಲವನ್ನು ಸರಪಳಿಯಿಂದ ಅಳೆದು ಬಂದವರು ನಾವು. ಅಳೆಯಬೇಕಾದರೆ ಮುಟ್ಟಬೇಕೆಂಬುದು ನಮ್ಮ ನಿತ್ಯದ ಅನುಭವ. ಆದರೆ ಮುಟ್ಟಬಾರದ ವಸ್ತುಗಳೂ ಉಂಟು. ಜೀವಂತ ಮನುಷ್ಯನ ಕಣ್ಣಿನ ಹಿಂಭಾಗದ ಅಕ್ಷಿಪಟಲ ಅಂಥದು. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಅದನ್ನು ಕತ್ತರಿಸಿ ನೋಡುವಂತಿಲ್ಲ, ಸೂಜಿಮೊನೆ ತಾಗಿಸುವಂತಿಲ್ಲ. ಆದರೂ ಅದರ ಪದರಗಳನ್ನು ವೈದ್ಯರು ಇಂದು ಅಳೆಯುತ್ತಿದ್ದಾರೆ. ಅವರ ಅಳತೆಗೋಲು ಬೆಳಕು. ಈ ವಿದ್ಯೆಯ ಬಗೆಗೂ, ನಮ್ಮ ಮನೆಗಳ ಹಿರಿಯರ ದೃಷ್ಟಿಗೂ ಅದಕ್ಕೂ ಇರುವ ಸಂಬಂಧದ ಬಗೆಗೂ ಇಲ್ಲಿ ವಿಚಾರಿಸೋಣ.

ಬೆಳಕು ಅಳತೆಗೋಲಾದ ಬಗೆ

ಮಳೆನೀರು ನಿಂತ ರಸ್ತೆಯಲ್ಲಿ ಎಣ್ಣೆ ಹರಡಿದಾಗ ಮೂಡುವ ಬಣ್ಣದ ಪಟ್ಟೆಗಳನ್ನು ನಾವೆಲ್ಲ ನೋಡಿದ್ದೇವೆ. ಎಣ್ಣೆಯ ಮೇಲ್ಮೈಯಿಂದ ಮರಳಿದ ಬೆಳಕು ಕೆಳಮೈಯಿಂದ ಮರಳಿದ ಬೆಳಕಿನೊಡನೆ ಕೂಡುತ್ತದೆ. ಅಲೆಗೆ ಅಲೆ ಹೊಂದಿದಲ್ಲಿ ಬೆಳಕು ಹೆಚ್ಚುತ್ತದೆ, ಅಲೆಯ ಏರಿಗೆ ಇಳಿತ ಎದುರಾದಲ್ಲಿ ಕುಗ್ಗುತ್ತದೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಮಿಲಿಮೀಟರಿನ ಹತ್ತು ಸಾವಿರ ಪಾಲುಗಳಲ್ಲಿ 4ರಿಂದ 7 ಪಾಲು ಮಾತ್ರ. ಆದುದರಿಂದ ಪದರದ ದಪ್ಪ ಅತ್ಯಲ್ಪ ವ್ಯತ್ಯಾಸವಾದರೂ ಪಟ್ಟೆಗಳು ಸ್ಥಾನ ಬದಲಿಸುತ್ತವೆ. ಒಂದೇ ಬೆಳಕನ್ನು ಎರಡಾಗಿ ಒಡೆದು ಮತ್ತೆ ಕೂಡಿಸುವ ಉಪಕರಣವನ್ನು ಅಮೆರಿಕದ ಆಲ್ಬರ್ಟ್ ಮೈಕೆಲ್ಸನ್ 1880ರ ದಶಕದಲ್ಲಿ ರೂಪಿಸಿದರು. ಸೂಕ್ಷ್ಮ ಮಾಪನದ ಇಂಥ ಸಾಧನೆಗಾಗಿ 1907ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈ ಪಟ್ಟೆಗಳಲ್ಲಿ ಇನ್ನೊಂದು ವಿಶೇಷವಿದೆ. ಒಂದೊಂದು ಬಿಂದುವನ್ನೂ ಪ್ರತ್ಯೇಕವಾಗಿ ಅಳೆಯಬೇಕಾಗಿಲ್ಲ. ಇಡೀ ಮೇಲ್ಮೈಯ ಏರುತಗ್ಗು ನಕ್ಷೆಯಂತೆ ಒಂದೇ ನೋಟಕ್ಕೆ ತೆರೆದುಕೊಳ್ಳುತ್ತದೆ. ಇದನ್ನೇ ಪೂರ್ಣಕ್ಷೇತ್ರ ಮಾಪನ ಎನ್ನಬಹುದು. 1960ರಲ್ಲಿ ಲೇಸರ್ ಬಂದ ಮೇಲೆ ಈ ಮಾರ್ಗ ವಿಸ್ತಾರವಾಯಿತು. ಡೆನಿಸ್ ಗೇಬರ್ 1948ರಲ್ಲಿ ಪ್ರಕಟಿಸಿದ್ದ ಹೊಲೊಗ್ರಫಿಯ ತತ್ತ್ವವನ್ನು ಬಳಸಿ, 1965ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೊವೆಲ್ ಮತ್ತು ಸ್ಟೆಟ್ಸನ್ ಕಂಪಿಸುವ ವಸ್ತುವಿನ ಕಂಪನವನ್ನೇ ಚಿತ್ರವಾಗಿ ಹಿಡಿದರು. ಅಲುಗದ ಭಾಗ ಬೆಳ್ಳಗೆ, ಅಲುಗುವ ಭಾಗ ಕಪ್ಪು ಬಿಳುಪು ಪಟ್ಟೆಗಳಾಗಿ ಅದರಲ್ಲಿ ಮೂಡಿತು.

ದೇಹದೊಳಗೆ ಬೆಳಕಿನ ಪಯಣ

ಗರ್ಭದ ಶಿಶುವನ್ನು ತೋರಿಸುವ ಅಲ್ಟ್ರಾಸೌಂಡ್ ಯಂತ್ರ ಧ್ವನಿಯ ಮಾರ್ದನಿ ಮರಳುವ ಕಾಲವನ್ನು ಲೆಕ್ಕ ಹಾಕುತ್ತದೆ. ಬೆಳಕಿನಿಂದಲೂ ಹೀಗೆ ಮಾಡಬಾರದೇಕೆ? ಬೆಳಕಿನ ವೇಗವೇ ಇಲ್ಲಿ ಅಡ್ಡಿ. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅದರ ಮೂರು ಪಾಲಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಬೆಳಕು ಗಾಳಿಯಲ್ಲಿ ಒಂದು ಮಿಲಿಮೀಟರ್ ಕ್ರಮಿಸುತ್ತದೆ. ಇಷ್ಟು ಸಣ್ಣ ಅವಧಿಯನ್ನು ಗಡಿಯಾರದಿಂದ ನೇರವಾಗಿ ಅಳೆಯುವುದು ದುಸ್ತರ. ಮೈಕೆಲ್ಸನ್‌ರ ಉಪಾಯ ಇಲ್ಲಿ ನೆರವಿಗೆ ಬಂತು. ಒಂದು ಕಿರಣ ದೇಹದತ್ತ, ಇನ್ನೊಂದು ಕನ್ನಡಿಯತ್ತ ಹೋಗಿ ಮರಳುತ್ತವೆ. ಅನೇಕ ತರಂಗದೂರಗಳು ಬೆರೆತ ಬೆಳಕನ್ನು ಬಳಸಿದರೆ, ಎರಡೂ ದಾರಿಗಳ ಉದ್ದ ಹೆಚ್ಚುಕಡಿಮೆ ಸಮವಾದಾಗ ಮಾತ್ರ ವ್ಯತಿಕರಣ ತೋರುತ್ತದೆ. ಹೀಗಾಗಿ ಯಾವ ಆಳದಿಂದ ಬೆಳಕು ಮರಳಿತೆಂಬುದು ನಿಖರವಾಗಿ ತಿಳಿಯುತ್ತದೆ.

ಅಮೆರಿಕದ ಎಂ.ಐ.ಟಿ.ಯ ಜೇಮ್ಸ್ ಫುಜಿಮೊಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಈ ವಿಧಾನವೇ ಓ.ಸಿ.ಟಿ. ಈ ಮೂವರಿಗೂ 2023ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಮೊದಲ ಯಂತ್ರಗಳು ಕಿರಣವನ್ನು ಬಿಂದುವಿನಿಂದ ಬಿಂದುವಿಗೆ ಓಡಿಸುತ್ತಿದ್ದವು. 1998ರಲ್ಲಿ ಪ್ಯಾರಿಸ್ಸಿನ ಕ್ಲೋದ್ ಬೊಕಾರಾ ಮತ್ತು ಸಂಗಡಿಗರು ಕ್ಯಾಮರಾ ಬಳಸಿ, ಒಂದು ಆಳದ ಇಡೀ ನೋಟವನ್ನು ಒಟ್ಟಿಗೇ ಪಡೆಯುವ ಪೂರ್ಣಕ್ಷೇತ್ರ ಓ.ಸಿ.ಟಿ.ಯನ್ನು ತೋರಿಸಿಕೊಟ್ಟರು. ಇದಕ್ಕೆ ಲೇಸರೇ ಬೇಕೆಂದಿಲ್ಲ. ಹ್ಯಾಲೊಜೆನ್ ದೀಪದ ಬೆಳಕೂ ಸಾಕು. ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಸೂಕ್ಷ್ಮ ವಿವರ ಇದರಲ್ಲಿ ಕಾಣುತ್ತದೆ. ದೇಹದಿಂದ ತೆಗೆದ ಅಂಗಾಂಶದ ತುಣುಕನ್ನು ತೆಳುವಾಗಿ ಕೊಯ್ಯದೆ, ಬಣ್ಣ ಹಚ್ಚದೆ ಪರೀಕ್ಷಿಸಲು ಇದನ್ನು ಬಳಸಿ ನೋಡಲಾಗಿದೆ. ಆದರೆ ಅಂಗಾಂಶದಲ್ಲಿ ಬೆಳಕು ಚದುರಿಹೋಗುವುದರಿಂದ ಬಹಳ ಆಳಕ್ಕೆ ಇದರ ನೋಟ ಇಳಿಯದು.

ಸದ್ದಿಲ್ಲದ ನಷ್ಟ

ಓ.ಸಿ.ಟಿ. ಹೆಚ್ಚು ಉಪಕಾರ ಮಾಡಿರುವುದು ಕಣ್ಣಿಗೆ. ಗ್ಲಾಕೋಮಾ ರೋಗದಲ್ಲಿ ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ನರತಂತುಗಳು ಕ್ರಮೇಣ ನಶಿಸುತ್ತವೆ. ಬಹಳ ಜನರಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಬದಿಯ ನೋಟ ಕುಂದುತ್ತದೆ. ನಡುವಿನ ನೋಟ ಉಳಿದಿರುವುದರಿಂದ ರೋಗಿ ಓದುತ್ತಾನೆ, ಬರೆಯುತ್ತಾನೆ, ತನಗೇನೂ ಆಗಿಲ್ಲವೆಂದೇ ಭಾವಿಸುತ್ತಾನೆ. ಹೋದ ನೋಟ ಮತ್ತೆ ಬರುವುದಿಲ್ಲ. ಈ ನರತಂತುಗಳ ಪದರದ ದಪ್ಪ ಸರಾಸರಿ ನೂರು ಮೈಕ್ರಾನಿನ ಆಸುಪಾಸು, ಹೆಚ್ಚೆಂದರೆ ಒಂದು ಕೂದಲೆಳೆಯಷ್ಟು. ಅದು ಸವೆಯುತ್ತಿರುವುದನ್ನು ರೋಗಿ ಅರಿಯುವ ಮುನ್ನವೇ ಬೆಳಕು ಅಳೆದು ಹೇಳಬಲ್ಲುದು. ಮಧುಮೇಹಿಗಳ ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿ ಬಾತುಕೊಳ್ಳುವುದನ್ನೂ ಈ ಪರೀಕ್ಷೆ ತೋರಿಸುತ್ತದೆ. ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಇದು ಮುಗಿಯುತ್ತದೆ.

ಆದರೆ ಯಂತ್ರವೊಂದೇ ರೋಗನಿರ್ಣಯ ಮಾಡದೆಂಬುದನ್ನು ಮರೆಯಬಾರದು. ಕಣ್ಣಿನ ಒತ್ತಡ, ನರದ ರೂಪ, ಬದಿನೋಟದ ಪರೀಕ್ಷೆ ಇವೆಲ್ಲವನ್ನೂ ಕೂಡಿಸಿ ನೋಡಿ ನಿರ್ಣಯಿಸುವವರು ನೇತ್ರವೈದ್ಯರೇ. ಗ್ಲಾಕೋಮಾ ಇದೆಯೆಂದು ತಿಳಿದ ಮೇಲೆ ಅವರು ಕೊಡುವ ಹನಿ ಔಷಧಿ ನೋಟವನ್ನು ಹೆಚ್ಚಿಸುವುದಿಲ್ಲ. ಉಳಿದ ನೋಟವನ್ನು ಕಾಪಾಡಲು ನೆರವಾಗುತ್ತದೆ. ಗುಣ ಕಾಣಲಿಲ್ಲವೆಂದು ಅದನ್ನು ನಡುವೆ ನಿಲ್ಲಿಸಿದವರು ಉಳಿದುದನ್ನೂ ಕಳೆದುಕೊಳ್ಳುವ ಅಪಾಯವಿದೆ.

ತಂದೆ ತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ಉಳಿದವರಿಗೂ ಅದು ಬರುವ ಸಂಭವ ಹೆಚ್ಚು. ಆದುದರಿಂದ ಒಬ್ಬರಲ್ಲಿ ರೋಗ ಕಂಡುಬಂದರೆ ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ನಲವತ್ತು ದಾಟಿದವರು ಒಮ್ಮೆಯಾದರೂ, ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸಿಕೊಳ್ಳಲಿ. ಕನ್ನಡಕದ ನಂಬರು ನೋಡಿಸಿದ ಮಾತ್ರಕ್ಕೆ ಈ ಪರೀಕ್ಷೆ ಆದಂತಲ್ಲ. ನೋಟ ಚೆನ್ನಾಗಿದೆ ಎನ್ನುವ ಹಿರಿಯರನ್ನೂ ಒಲಿಸಿ ಕರೆದೊಯ್ಯುವುದು ಮನೆಯ ಮಕ್ಕಳು ಸೊಸೆಯಂದಿರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.