ಎಣ್ಣೆ ಚೆಲ್ಲಿದರೆ ದುಡ್ಡು ಕೊಡೋರು ಯಾರು? ಕಾರವಾರ ಕಂಡಿದ್ದು, ಕೇಣಿ ಕೇಳಬೇಕಾದ್ದು

ಅಂಕೋಲಾದ ಕೇಣಿ ಬಂದರಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗೋದು 2006ರ ಮೇ 30. ಅವತ್ತು ಮಳೆಗಾಲದ ಮೊದಲ ಬಿರುಸಿಗೆ ಸಿಕ್ಕ ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರ ಬಂದರಿನ ಆಚೆ, ದೀಪಸ್ತಂಭ ಇರುವ ದೇವಗಡ ದ್ವೀಪದ ಬಂಡೆಗಳಿಗೆ ಬಡಿಯಿತು. ಆಮೇಲೆ ತುಂಡಾಯಿತು. ಅದರಲ್ಲಿ ಇದ್ದದ್ದು ಸುಮಾರು 650 ಟನ್ ಇಂಧನ ಎಣ್ಣೆ. ಸೋರಿದ ಎಣ್ಣೆ ರಾಜ್ಯದ ಗಡಿ ನೋಡಲಿಲ್ಲ, ಗೋವಾದ ಪೋಳೆಂ ಕಡೆಗೂ ಹೋಯಿತು.

ಹಡಗಿಗೆ ಇದ್ದದ್ದು ಪನಾಮಾ ದೇಶದ ಬಾವುಟ. ಹಾಗಾದ್ರೆ ನಮ್ಮ ಕಾನೂನು ಅದಕ್ಕೆ ಅನ್ವಯಿಸಲ್ಲವಾ? ಅನ್ವಯಿಸುತ್ತೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿಲೋಮೀಟರ್ ತನಕ ನಮ್ಮದೇ ಕಡಲು. ದೇವಗಡ ಅದರೊಳಗೇ ಇದೆ. ತೊಡಕು ಇದ್ದದ್ದು ಬೇರೆ ಕಡೆ.

1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ‘ಟೋರಿ ಕ್ಯಾನ್ಯನ್’ ಎಂಬ ಟ್ಯಾಂಕರ್ ಬಂಡೆಗೆ ಬಡಿದು ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಹೊತ್ತು ಒಡೆದುಹೋಯಿತು. ಆಗ ಬೆಚ್ಚಿದ ಜಗತ್ತು 1969ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು: ಎಣ್ಣೆ ಚೆಲ್ಲಿದರೆ ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ, ಹಡಗಿನ ಮಾಲೀಕ ಕಟ್ಟಬೇಕು, ವಿಮೆ ಕಡ್ಡಾಯ. ಅದು ಸಾಲದಿದ್ದರೆ ಅಂತರರಾಷ್ಟ್ರೀಯ ನಿಧಿಯೊಂದಿದೆ. ಭಾರತ ಎರಡಕ್ಕೂ ಸೇರಿದೆ. ಆದರೆ ಇದೆಲ್ಲ ಎಣ್ಣೆಯನ್ನು ಸರಕಾಗಿ ಹೊರುವ ಟ್ಯಾಂಕರ್‌ಗಳಿಗೆ. ‘ಓಷನ್ ಸೆರಾಯಾ’ ಟ್ಯಾಂಕರ್ ಅಲ್ಲ, ಬಲ್ಕ್ ಕ್ಯಾರಿಯರ್. ಅದರ ಎಣ್ಣೆ ಸರಕಲ್ಲ, ಅದರದೇ ಎಂಜಿನ್ನಿಗೆ ಬೇಕಾದ ಇಂಧನ.

ಕಡಲಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಅಥವಾ ಗೊತ್ತಾದರೂ ಉಲ್ಟಾ. ಹಡಗುಗಳು ಉರಿಸುವ ಎಣ್ಣೆ ಎಂದರೆ ಸಂಸ್ಕರಣಾಗಾರದಲ್ಲಿ ಪೆಟ್ರೋಲು, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಸಿ. ಬಿಸಿ ಮಾಡದೆ ಪಂಪ್ ಮಾಡಲಾಗದಷ್ಟು ಮಂದ. ಡಾಂಬರಿನ ದಾಯಾದಿ ಅನ್ನಿ. ಬೇಗ ಆವಿಯಾಗಲ್ಲ, ಬಂಡೆಗೆ ಹತ್ತಿದರೆ ಬಿಡಲ್ಲ.

ಈ ಎಣ್ಣೆಗಾಗಿಯೇ ‘ಬಂಕರ್ ಒಪ್ಪಂದ’ ಅಂತ ಒಂದು 2001ರಲ್ಲೇ ತಯಾರಾಗಿತ್ತು. ಜಾರಿಗೆ ಬಂದದ್ದು 2008ರ ನವೆಂಬರ್ 21ಕ್ಕೆ. ಕಾರವಾರದ ಎಣ್ಣೆ ಎರಡೂವರೆ ವರ್ಷ ಮೊದಲೇ ದಡ ಸೇರಿತ್ತು. ಇನ್ನೊಂದು ವಿಪರ್ಯಾಸ, ಇಂಜಿನಿಯರಿಂಗ್ ಓದಿದ ನನ್ನಂಥವರಿಗೆ ಹೆಚ್ಚು ಚುಚ್ಚುವಂಥದ್ದು: ದೊಡ್ಡ ಹಡಗುಗಳ ಇಂಧನ ಟ್ಯಾಂಕನ್ನು ಹೊರಕವಚಕ್ಕೆ ಅಂಟಿಸದೆ, ನಡುವೆ ಜಾಗ ಬಿಟ್ಟು ಒಳಗಿಡಬೇಕು ಎಂಬ ನಿಯಮವನ್ನು ‘ಮಾರ್ಪೋಲ್’ ಒಪ್ಪಂದಕ್ಕೆ ಸೇರಿಸಿದ್ದು 2006ರ ಮಾರ್ಚ್‌ನಲ್ಲಿ. ಅಪಘಾತಕ್ಕೆ ಎರಡು ತಿಂಗಳು ಮುಂಚೆ! ಆದರೆ ಅದು ಅನ್ವಯಿಸಿದ್ದು 2010ರ ಆಗಸ್ಟ್‌ನಿಂದ ತಯಾರಾಗಿ ಬಂದ ಹೊಸ ಹಡಗುಗಳಿಗೆ.

ಭಾರತ? ಬಂಕರ್ ಒಪ್ಪಂದಕ್ಕೆ ಸೇರಲು ಕೇಂದ್ರ ಸಂಪುಟ ಒಪ್ಪಿದ್ದು 2015ರಲ್ಲಿ. ಹಳೆಯ 1958ರ ಕಾಯ್ದೆಯ ಜಾಗಕ್ಕೆ ಹೊಸ ವಾಣಿಜ್ಯ ನೌಕಾ ಕಾಯ್ದೆ ಪಾಸಾದದ್ದು 2025ರಲ್ಲಿ. ನಮ್ಮಲ್ಲಿ ಕಾನೂನು ಹಡಗಿಗಿಂತ ನಿಧಾನ.

ಈಗ ಕೇಣಿಗೆ ಬರೋಣ. 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ಸಿಕ್ಕ ಈ ಯೋಜನೆಯ ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಶುರುವಿನ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಬಳ್ಳಾರಿ, ಹೊಸಪೇಟೆ ಕಡೆಯ ಕಾರ್ಖಾನೆಗಳಿಗೆ ಬೇಕಾಗುವುದು ಕಲ್ಲಿದ್ದಲಿನಂಥ ರಾಶಿ ಸರಕು. ಅದನ್ನು ಹೊರುವುದು ‘ಓಷನ್ ಸೆರಾಯಾ’ ಜಾತಿಯ ಹಡಗುಗಳೇ, ಗಾತ್ರದಲ್ಲಿ ಇನ್ನೂ ದೊಡ್ಡವು. ಇಂಥವುಗಳ ಇಂಧನ ಟ್ಯಾಂಕಿಗೇ ಸಾವಿರಾರು ಟನ್ ಹಿಡಿಸುತ್ತೆ. ಮೀನುಗಾರರು ವಿರೋಧಿಸುತ್ತಿರುವುದಕ್ಕೆ ಬೇರೆ ಕಾರಣಗಳೂ ಇವೆ, ಅವು ಇನ್ನೊಂದು ಲೇಖನಕ್ಕಿರಲಿ.

ಕಾನೂನು ಬಂತಲ್ಲ, ಇನ್ನೇನು ಅಂತ ಕೇಳಬಹುದು. ಪರಿಹಾರಕ್ಕೆ ಮಿತಿ ಇದೆ. ಆ ಮಿತಿ ನಿಂತಿರೋದು ಹಡಗಿನ ಗಾತ್ರದ ಮೇಲೆ, ಆದ ನಷ್ಟದ ಮೇಲಲ್ಲ. 2025ರ ಮೇನಲ್ಲಿ ಕೊಚ್ಚಿ ಬಳಿ ಮುಳುಗಿದ ಕಂಟೇನರ್ ಹಡಗು ‘ಎಂಎಸ್‌ಸಿ ಎಲ್ಸಾ 3’ ಪ್ರಕರಣದಲ್ಲಿ ಕೇರಳ ಸರ್ಕಾರ ಕೇಳಿದ್ದು 9,531 ಕೋಟಿ. ಹೈಕೋರ್ಟ್ ಅದೇ ಗುಂಪಿನ ಇನ್ನೊಂದು ಹಡಗನ್ನು ವಿಝಿಂಜಂನಲ್ಲಿ ತಡೆಹಿಡಿಯಿತು. ಕೊನೆಗೆ ಕೇಳಿದ ಭದ್ರತೆ ಸುಮಾರು 1,227 ಕೋಟಿ. ಹಾಗೆ ಹಡಗು ಹಿಡಿಯುವ ಅಧಿಕಾರ 2017ರ ನೌಕಾ ವ್ಯಾಜ್ಯ ಕಾಯ್ದೆಯಿಂದ ಕರ್ನಾಟಕ ಹೈಕೋರ್ಟಿಗೂ ಇದೆ. ಇದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ.

ಅದಕ್ಕಿಂತ ದೊಡ್ಡ ತೊಡಕು ‘ಹಾನಿ’ ಎಂಬ ಪದದ್ದು. ಈ ಒಪ್ಪಂದಗಳಲ್ಲಿ ಪರಿಸರ ಹಾನಿ ಅಂದ್ರೆ ಅದನ್ನು ಸರಿಪಡಿಸಲು ನಿಜವಾಗಿ ಮಾಡಿದ, ಇಲ್ಲವೇ ಮಾಡಲಿರುವ ಖರ್ಚು ಮಾತ್ರ. ಸತ್ತ ಬಳಚಿಗೆ ಬೆಲೆ ಇಲ್ಲ. ದುಡಿಮೆಯ ನಷ್ಟ ಕೇಳಬಹುದು, ಆದರೆ ಲೆಕ್ಕ ತೋರಿಸಬೇಕು. ರಂಪಣಿ ಎಳೆದವರು ಸಂಜೆ ಮರಳಿನ ಮೇಲೆ ಪಾಲು ಹಂಚಿಕೊಳ್ತಾರೆ, ಬಿಲ್ಲು ಎಲ್ಲಿಂದ ತರೋದು? ಬುಟ್ಟಿ ಹೊತ್ತು ಅಂಕೋಲಾ ಪೇಟೆಗೆ ಹೋಗುವ ಹೆಂಗಸಿನ ಹತ್ರ ಯಾವ ರಸೀದಿ ಇರುತ್ತೆ? ವಿಮಾ ಕಂಪನಿಯ ಸರ್ವೇಯರ್ ಕೇಳೋದು ಕಳೆದ ಮೂರ್ನಾಲ್ಕು ವರ್ಷದ ಹಿಡುವಳಿ ಎಷ್ಟು, ಈ ವರ್ಷ ಎಷ್ಟು ಅಂತ.

ಹಾಗಾಗಿ ಬಂದರು ಬೇಕು ಅನ್ನುವವರೂ ಬೇಡ ಅನ್ನುವವರೂ ಒಂದು ವಿಷಯದಲ್ಲಿ ಒಟ್ಟಿಗೆ ಕೂರಬಹುದು. ಕೇಣಿ, ಬೇಲೇಕೇರಿ, ಹಾರವಾಡದ ಮೀನುಗಾರರ ಸಂಘಗಳು ಇವತ್ತಿನಿಂದಲೇ ದಿನದ ಮೀನಿನ ಲೆಕ್ಕ ಬರೆದಿಡಲಿ, ಮೀನುಗಾರಿಕೆ ಇಲಾಖೆ ಅದಕ್ಕೆ ಮೊಹರು ಹಾಕಲಿ. ಒಂದು ನೋಟ್ ಪುಸ್ತಕ ಸಾಕು. ಯಾಕಂದ್ರೆ ಬಂಕರ್ ಒಪ್ಪಂದದಲ್ಲಿ ದಾವೆ ಹೂಡಲು ಇರುವ ಅವಧಿ ಹಾನಿಯಾದ ದಿನದಿಂದ ಬರೀ ಮೂರು ವರ್ಷ.