ಇದ್ದಿಲನ್ನು ಹೊತ್ತಿಸುವ ಬಗೆ

ಇದ್ದಿಲನ್ನು ಹೊತ್ತಿಸುವುದಕ್ಕೂ ಒಂದು ಭಾಷಣ ಬೇಕೆ ಎಂದು ತಾವು ನಗಬಹುದು. ಆದರೆ ಇಂಗ್ಲಿಷಿನವರು ಬಾರ್ಬೆಕ್ಯೂ ಎನ್ನುವ ಬಯಲಡಿಗೆಗೆ ನಾಲ್ವರು ಸ್ನೇಹಿತರು ಕೂಡಿದಾಗ ಮೊದಲ ಅರ್ಧ ಗಂಟೆ ಹೇಗೆ ಕಳೆಯುತ್ತದೆಂಬುದನ್ನು ಬಲ್ಲವರು ನಗಲಾರರು. ಒಬ್ಬರು ಊದುತ್ತಾರೆ, ಮತ್ತೊಬ್ಬರು ಬೀಸಣಿಗೆ ಬೀಸುತ್ತಾರೆ, ಮೂರನೆಯವರು ಸೀಮೆಯೆಣ್ಣೆಯ ಸೀಸೆಯನ್ನು ತರುತ್ತಾರೆ. ಅನರ್ಥಕ್ಕೆ ಆರಂಭ ಅಲ್ಲಿಯೇ.

ಇದ್ದಿಲೆಂದರೇನು? ಸಾಕಷ್ಟು ಗಾಳಿಯನ್ನು ಕೊಡದೆ ಮರವನ್ನು ಕಾಯಿಸಿದರೆ ಅದರಲ್ಲಿನ ನೀರೂ, ಜ್ವಾಲೆಯಾಗಿ ಉರಿಯತಕ್ಕ ಅನಿಲಗಳೂ ಬಹುಪಾಲು ಹೊರಟುಹೋಗಿ, ಮುಖ್ಯವಾಗಿ ಇಂಗಾಲವು ಉಳಿಯುತ್ತದೆ. ಅದೇ ಇದ್ದಿಲು. ಆದುದರಿಂದಲೇ ಅದು ಹೆಚ್ಚು ಹೊಗೆಯಿಲ್ಲದೆ ಕೆಂಡವಾಗುತ್ತದೆ. ಆದುದರಿಂದಲೇ ಒಂದು ಬೆಂಕಿಕಡ್ಡಿಗೆ ಅದು ಹೊತ್ತಿಕೊಳ್ಳುವುದೂ ಇಲ್ಲ. ಅದಕ್ಕೆ ಬೇಕಾದುವು ಎರಡು: ಚದರಿಹೋಗದ ಶಾಖ, ಕೆಳಗಿನಿಂದ ಬರುವ ಗಾಳಿ. ಹರಡಿದ ಇದ್ದಿಲು ತನ್ನ ಶಾಖವನ್ನು ಬಯಲಿಗೆ ಚೆಲ್ಲುತ್ತದೆ. ರಾಶಿಯಾದ ಇದ್ದಿಲು ಅದನ್ನು ನೆರೆಯ ತುಂಡಿಗೆ ಕೊಡುತ್ತದೆ. ನಮ್ಮ ಹಿರಿಯರ ಅಗ್ಗಿಷ್ಟಿಕೆಯಲ್ಲಿ ಮೇಲೆ ಕಂಬಿ, ಕೆಳಗೆ ಬಾಯಿ ಇದ್ದುದು ಈ ಕಾರಣಕ್ಕಾಗಿಯೇ.

ಈ ತತ್ವದ ಮೇಲೆಯೇ ಒಂದು ಸುಲಭವಾದ ಸಾಧನವುಂಟು. ಅದು ಹಿಡಿಯುಳ್ಳ ಒಂದು ತಗಡಿನ ಕೊಳವೆ. ಒಳಗೆ ಸ್ವಲ್ಪ ಎತ್ತರದಲ್ಲಿ ಒಂದು ಜಾಲರಿ, ಅದರ ಕೆಳಗೆ ಸುತ್ತಲೂ ರಂಧ್ರಗಳು. ಜಾಲರಿಯ ಮೇಲೆ ಒಣಗಿದ ಇದ್ದಿಲನ್ನು ತುಂಬಿ, ಕೆಳಗೆ ಸಡಿಲವಾಗಿ ಮುದುರಿದ ಎರಡು ಹಾಳೆ ವೃತ್ತಪತ್ರಿಕೆಯನ್ನಿಟ್ಟು ಕಡ್ಡಿ ಗೀರಿದರಾಯಿತು. ಕಾಗದಕ್ಕೆ ತುಸು ಅಡಿಗೆಯೆಣ್ಣೆಯನ್ನು ಸವರಿದರೆ ಅದು ಇನ್ನೂ ಹೆಚ್ಚು ಹೊತ್ತು ಉರಿಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಅದರ ಸ್ಥಳಕ್ಕೆ ಹೊಸ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಊದುವ ಕೆಲಸವನ್ನು ಕೊಳವೆಯೇ ಮಾಡುತ್ತದೆ. ಸುಮಾರು 15ರಿಂದ 20 ನಿಮಿಷಗಳಲ್ಲಿ ಮೇಲಿನ ತುಂಡುಗಳಿಗೆ ಬೂದಿಯ ಹೊದಿಕೆ ಕಾಣಿಸಿಕೊಳ್ಳುತ್ತದೆ. ಆಗ ದಪ್ಪ ಚರ್ಮದ ಕೈಚೀಲವನ್ನು ತೊಟ್ಟು ಕೆಂಡವನ್ನು ಒಲೆಗೆ ಸುರಿಯಬೇಕು. ಒಲೆಯು ಗೋಡೆ, ಚಪ್ಪರ, ಒಣಹುಲ್ಲುಗಳಿಂದ 10 ಅಡಿ ದೂರವಿರಲಿ.

ಪೆಟ್ರೋಲನ್ನಂತೂ ಎಂದಿಗೂ ಬಳಸಕೂಡದು. ಸೀಮೆಯೆಣ್ಣೆಯಿಂದ ಅಡಿಗೆಗೆ ದುರ್ವಾಸನೆ. ಅದಕ್ಕಿಂತ ಹೆಚ್ಚಾಗಿ, ಆರಿದಂತೆ ತೋರುವ ಕೆಂಡದ ಮೇಲೆ ಅದನ್ನು ಹೊಯ್ದರೆ ಎಣ್ಣೆ ಆವಿಯಾಗಿ ಭಗ್ಗನೆ ಹೊತ್ತಿ, ಜ್ವಾಲೆಯು ಧಾರೆಯನ್ನು ಹಿಡಿದು ಸೀಸೆಯವರೆಗೂ ಬರಬಹುದು.

ಆದರೆ ಇದ್ದಿಲಿನ ನಿಜವಾದ ಅಪಾಯ ಜ್ವಾಲೆಯಲ್ಲಿಲ್ಲ. ಒಮ್ಮೆ ನಮ್ಮ ಕೂಟದ ನಡುವೆ ಮಳೆ ಬಂದಿತು. ಕೆಂಡ ವ್ಯರ್ಥವಾಗಬಾರದೆಂದು ಒಲೆಯನ್ನು ಕೊಠಡಿಯೊಳಕ್ಕೆ ತಂದು, ಇರಚಲಿಗೆ ಕಿಟಕಿಗಳನ್ನು ಮುಚ್ಚಿದೆವು. ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ, ಕೊಠಡಿ ಹಿತವಾಗಿ ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯಿತು. ಮೂಲೆಯಲ್ಲಿ ಮಲಗಿದ್ದ ಮಗು ಎಷ್ಟು ಕೂಗಿದರೂ ಏಳಲಿಲ್ಲ. ಬಾಗಿಲು ತೆರೆದು ಅದನ್ನು ಹೊರಕ್ಕೆ ಎತ್ತಿಕೊಂಡು ಓಡಿದೆವು, ದೈವವಶಾತ್ ಉಳಿಯಿತು.

ಕಾರಣ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾಗಿ ಅದು ಅಂಟಿಕೊಳ್ಳುತ್ತದೆ. ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಅದನ್ನು ತಾನೇ ಉಸಿರಾಡಿ ಅದರ ಪರಿಣಾಮಗಳನ್ನು 1895ರಲ್ಲಿ ಪ್ರಕಟಿಸಿದನು. ಕಿಟಕಿಯೊಂದನ್ನು ತೆರೆದಿಟ್ಟರೆ ಸಾಕೆಂಬುದು ಭ್ರಮೆ. ನಂದುತ್ತಿರುವ ಕೆಂಡವೂ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ.

ಆದುದರಿಂದ ಬಯಲಲ್ಲಿ ಹೊತ್ತಿಸಿದ ಇದ್ದಿಲು ಬಯಲಲ್ಲಿಯೇ ಆರಬೇಕು. ಊಟವಾದ ಮೇಲೆ ಬೂದಿಗೆ ದೂರದಿಂದ ಸ್ವಲ್ಪಸ್ವಲ್ಪವಾಗಿ ನೀರು ಚಿಮುಕಿಸಿ, ಕಲಕಿ, ಪೂರ್ಣವಾಗಿ ತಣಿದ ಬಳಿಕ ಮುಚ್ಚಳವುಳ್ಳ ಲೋಹದ ಪಾತ್ರೆಗೆ ಹಾಕಿ ಹೊರಗೇ ಇಡತಕ್ಕದ್ದು. ಮಳೆ ಬಂದರೆ ಒಲೆ ನೆನೆಯಲಿ. ಒಂದು ಹೊತ್ತಿನ ಅಡಿಗೆ ಕೆಟ್ಟರೆ ಕೆಡಲಿ.