ಫೈಲಿನೊಳಗೆ ಬಂದ ಕಳ್ಳ



ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆದಾಗಲೆಲ್ಲ ‘ಅಪ್‌ಡೇಟ್ ಮಾಡಿ’ ಎಂದು ಬರುತ್ತಿತ್ತು. ನಾನು ಪ್ರತಿ ಸಲ ‘ಆಮೇಲೆ’ ಅಂತ ಒತ್ತಿ ಮುಂದೆ ಹೋಗುತ್ತಿದ್ದೆ. ಒಂದು ದಿನ ವಿಜ್ಞಾನದ ಮೇಷ್ಟ್ರು ಹಿಂದೆ ನಿಂತು ನೋಡಿದರು. “ಎಷ್ಟು ದಿನದಿಂದ ಹೀಗೆ ಒತ್ತುತ್ತಾ ಇದ್ದೀಯ?” ಎಂದರು. “ಮೂರು ತಿಂಗಳಿಂದ ಸಾರ್. ಬರೀ ಓದೋ ಫೈಲು ತಾನೇ, ಅದರಿಂದ ಏನಾಗುತ್ತೆ?” ಅಂದುಬಿಟ್ಟೆ. ಅದಕ್ಕೆ ಅವರು 2009ರಲ್ಲಿ ನಡೆದ ಒಂದು ಸಂಗತಿ ಹೇಳಿದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಿಡಿಎಫ್ ಎಂದರೇನು? ಅಮೆರಿಕದ ಅಡೋಬ್ ಕಂಪನಿ 1993ರಲ್ಲಿ ಇದನ್ನು ಹೊರತಂದಿತು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಇದರ ಉದ್ದೇಶ. ಆದರೆ ಇದು ನಾವು ಕೈಯಲ್ಲಿ ಹಿಡಿಯುವ ಕಾಗದದಂತಲ್ಲ. ‘ಈ ಅಕ್ಷರ ಇಲ್ಲಿಡು, ಈ ಚಿತ್ರ ಅಲ್ಲಿ ಬರೆ’ ಎಂಬ ಸೂಚನೆಗಳು ಇದರೊಳಗೆ ಇರುತ್ತವೆ. ಅವನ್ನು ಓದಿ ಪುಟ ತೋರಿಸುವ ತಂತ್ರಾಂಶಗಳಲ್ಲಿ ಅಡೋಬ್ ರೀಡರ್ ಒಂದು.

ಸ್ಕ್ಯಾನ್ ಮಾಡಿದ ಪುಟ ತುಂಬ ಜಾಗ ತಿನ್ನುತ್ತದೆ. ಅದನ್ನು ಕುಗ್ಗಿಸಲು ಜೆಬಿಗ್-2 ಎಂಬ ವಿಧಾನವಿದೆ. ಪುಟದಲ್ಲಿ ‘ಕ’ ನೂರು ಸಲ ಬಂದರೆ, ಅದರ ಆಕಾರವನ್ನು ಒಂದೇ ಸಲ ಇಟ್ಟುಕೊಂಡು, ಎಲ್ಲೆಲ್ಲಿ ಬರಬೇಕೆಂದು ಮಾತ್ರ ಗುರುತು ಹಾಕುತ್ತದೆ. ಜಾಣ ವಿಧಾನವೇ! ಆದರೆ ಇದನ್ನು ಓದುವಾಗ ರೀಡರ್ ಒಂದು ತಪ್ಪು ಮಾಡುತ್ತಿತ್ತು. ಫೈಲಿನಲ್ಲಿ ಕೊಟ್ಟ ಸಂಖ್ಯೆ ಸರಿಯೋ ತಪ್ಪೋ ಎಂದು ನೋಡದೆ ನಂಬುತ್ತಿತ್ತು.

ಇಷ್ಟಕ್ಕೇ ಏನು ತೊಂದರೆ? ನಮ್ಮ ಹಾಜರಿ ಪುಸ್ತಕದಲ್ಲಿ 40 ಸಾಲು ಇವೆ ಎನ್ನಿ. ‘400ನೇ ಸಾಲಿನಲ್ಲಿ ಬರೆ’ ಎಂದು ಯಾರಾದರೂ ಚೀಟಿ ಕೊಟ್ಟರೆ ನಾವು ನಗುತ್ತೇವೆ. ಕಂಪ್ಯೂಟರ್ ನಗುವುದಿಲ್ಲ. ಎಣಿಸುತ್ತಾ ಎಣಿಸುತ್ತಾ ಪುಸ್ತಕವನ್ನೇ ದಾಟಿ, ಪಕ್ಕದಲ್ಲಿರುವ ಹೆಡ್‌ಮೇಷ್ಟ್ರ ಆದೇಶದ ಪುಸ್ತಕದಲ್ಲಿ ಬರೆದುಬಿಡುತ್ತದೆ! ಆಮೇಲೆ ಕಳ್ಳ ಬರೆಸಿದ್ದೇ ಆದೇಶ.

ಇಂಥ ಫೈಲುಗಳನ್ನು ಕಳ್ಳರು ಆಗಲೇ ಕಳಿಸುತ್ತಿದ್ದರು. 2009ರ ಫೆಬ್ರವರಿ 19ರಂದು ಅಡೋಬ್ ಎಚ್ಚರಿಕೆ ಕೊಟ್ಟಿತು. ಆದರೆ ದುರಸ್ತಿ ಸಿದ್ಧವಿರಲಿಲ್ಲ. ಸರಿಪಡಿಸಿದ 9.1 ಬಂದಿದ್ದು ಮಾರ್ಚ್ 10ಕ್ಕೆ. ಅಲ್ಲಿಯವರೆಗೆ 19 ದಿನ ಬಾಗಿಲು ತೆರೆದೇ ಇತ್ತು.

2021ರಲ್ಲಿ ಐಫೋನಿನಲ್ಲೂ ಜೆಬಿಗ್-2 ಓದುವ ಭಾಗದಲ್ಲಿ ಬೇರೊಂದು ದೋಷ ಸಿಕ್ಕಿತು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬಿನವರು ಈ ದಾಳಿಯನ್ನು ಪತ್ತೆ ಹಚ್ಚಿದರು. ಪಿಡಿಎಫ್ ಫೈಲು ‘ಗಿಫ್’ ಚಿತ್ರದ ವೇಷ ಹಾಕಿ ಸಂದೇಶದಲ್ಲಿ ಬರುತ್ತಿತ್ತು. ಫೋನಿನವರು ಏನನ್ನೂ ಒತ್ತಬೇಕಾಗಿರಲಿಲ್ಲ! ಆ ವರ್ಷ ಸೆಪ್ಟೆಂಬರ್ 13ರಂದು ಆಪಲ್ ಅದನ್ನು ಸರಿಪಡಿಸಿತು.

ದುರಸ್ತಿ ಕಳಿಸೋದು ಕಂಪನಿಯ ಕೆಲಸ, ಹಾಕಿಕೊಳ್ಳೋದು ನಮ್ಮ ಕೆಲಸ. ದುರಸ್ತಿ ಬಂತೆಂದರೆ ದೋಷ ಎಲ್ಲಿತ್ತು ಅಂತ ಕಳ್ಳರಿಗೂ ಗೊತ್ತಾಗುತ್ತದೆ. ಆಗ ಸಿಕ್ಕಿಬೀಳುವವರು ‘ಆಮೇಲೆ’ ಎಂದವರೇ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ನಮ್ಮೆಲ್ಲರ ಅಂಕ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ ಸಂಖ್ಯೆ ಎಲ್ಲಾ ಇವೆ. ಸೋಮಾರಿತನ ನನ್ನದು, ಅಪಾಯ ನಿಮ್ಮೆಲ್ಲರದು! ಅದು ತಿಳಿದು ನಾಚಿಕೆಯಾಯಿತು. ಅವತ್ತೇ ಅಪ್‌ಡೇಟ್ ಮಾಡಿದೆ.

ಇನ್ನೊಂದು ಮಾತು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ‘ಅಪ್‌ಡೇಟ್’ ಲಿಂಕನ್ನು ನಂಬಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲೇ ನೋಡಿ ಮಾಡಿ. ಇವತ್ತು ಮನೆಗೆ ಹೋದ ಮೇಲೆ ಅಪ್ಪ ಅಮ್ಮನ ಫೋನನ್ನೂ ಒಮ್ಮೆ ನೋಡುತ್ತೀರಲ್ಲ?